ಎಂಟು ದಿನದ ಖಾರ

ಬ್ಯಾಡಗಿ
ತಾ. 2-3-1994

ಗದಿಗೆಕ್ಕಾರಿಗೆ, ನಿಮ್ಮ ತಂಗಿ ಗಂಡ ಮಾಲತೇಶಪ್ಪ ಎರಡೂ ಕೈ ಜೋಡಿಸಿ ಬರಿಯೂದು.

ನಾ ಅರಾಮ ಇದ್ದೇನಿ ಅಂತ ಬರದ್ರ ನೀವು ನಂಬಂಗಿಲ್ಲ, ಯಾಕಂದ್ರ ಅಡಿಗಿ ನಾನ ಮಾಡ್ಕೊಳ್ಳಾಕತ್ತೇನಿ. ಮೊನ್ನೆ ಬಡಿದ ರೊಟ್ಟಿ ಓಣಿ ನಾಯಿಗೆ ಹಾಕಿದ್ರ ಅದು ಒಯ್ದು ಮಣ್ಣಾಗ ಹುಗದು ಬಂತು. ಎಲುವು ಅನ್ಕೊಂತೋ ಏನೋ. ಚೌಡಿ ಸೊಂಟನೋವು ಅಂತ ಆರನೇ ತಿಂಗಳಿಗೇ ನಿಮ್ಮಲ್ಲಿ ಬಂದ್ಲು. ಹನ್ನೊಂದು ವರ್ಷಕ್ಕ ನಿಂತ ಬಸರು, ಅದರಾಗ ಸ್ವಂತ ಅಕ್ಕ ದವಾಖಾನಿ ನರ್ಸಬಾಯಿ. ಇದಕಿಂತ ಚಲೋ ಜಾಗಾ ಎಲ್ಲಿ ಸಿಗತೈತಿ ಅಂತ ನಾನೂ ಹೂಂ ಅಂದೆ.

ಈಗ ಬರಿಯಾಕ ಕುಂತ ಕಾರಣ ಬ್ಯಾರೆ ಐತ್ರಿ. ನಮ್ಮ ಮೆಣಸಿನಕಾಯಿ ಅಂಗಡ್ಯಾಗ ಹಮಾಲಿ ಮಾಡೂ ಮಕ್ತುಮಸಾಬ ಗೊತ್ತಲ್ರಿ, ಉದ್ದ ಮೀಸಿಯಾಂವ. ಅಂವ ಸಂಕ್ರಾಂತಿ ಮುಗದ ಮ್ಯಾಲೆ ಕಾಯಿ ಲಾರಿ ಜೋಡಿ ಸಾಂಗ್ಲಿಗೆ ಹೋಗಿದ್ದ. ಅಲ್ಲಿ ಡ್ರೈವರನ ಮಾತ ಕೇಳಿ, ಒಂದೀಟು ಕುಡದು, ಹೋಗಬಾರದ ಮನಿಗೆ ಹೋದ. ಐದಾರ ದಿನಕ್ಕ ಕೆಳಗ, ಹೇಳಾಕ ನಾಚಿಕಿ ಬರೂ ಜಾಗಾದಾಗ, ಸಾಸವಿ ಕಾಳಿನಂಥ ಗುಳ್ಳಿ ಗುಂಪ ಗುಂಪಾಗಿ ಎದ್ದು ಉರಿ ಅಂದ್ರ ಉರಿ.

ನಮ್ಮ ಪ್ಯಾಟ್ಯಾಗ ಒಂದ ರಿವಾಜ ಐತ್ರಿ. ದೇಶದಾಗಿನ ಮಂದಿ ಒಂದಕ್ಕ ಹೋಗಿ ಬಂದು ಕೈ ತೊಳಕೋತಾರ, ನಾವು ಕೈ ತೊಳಕೊಂಡು ಹೋಗತೇವಿ. ಕಾಯಿ ಮುಟ್ಟಿದ ಕೈಲೆ ಮರತು ಹಂಗ ಹೋದಾಂವ ದಿನಪೂರ್ತಿ ಕುಣೀಬೇಕು, ಉಳದವರು ಕುಂತು ನಗಬೇಕು. ಮಕ್ತುಮಸಾಬನೂ ಖಾರಾ ಹತ್ತೇತಿ ಅಂತ ತಿಳದು ಕೊಬ್ಬರಿ ಎಣ್ಣಿ ಹಚ್ಕೊಂಡ. ಮನ್ಯಾಗ ಹೆಂಡತಿಗೂ ಅದನ್ನ ಹೇಳಿದ. ಎಂಟ ದಿನಕ್ಕ ಮಾಯ್ತು, ಸುಮ್ಮನಾದ.

ಹ್ವಾದ ವಾರ ಆ ಡ್ರೈವರ ಬಂದಿದ್ದ. ತನಗೂ ಹಂಗ ಆಗಿತ್ತಂತ, ಡಾಕ್ಟರ ನೋಡಿ ಹರ್ಪಿಸ್ ಅಂದ್ರಂತ, ಮೈಯಾಗ ಹೊಕ್ಕರ ಸಾಯೂ ಮಟಾ ಬಿಡಂಗಿಲ್ಲಂತ. ಈಗ ಮಕ್ತುಮಸಾಬನ ಹೆಂಡತಿ ಬಸುರಿ. ಆಕಿಗೆ, ಕೂಸಿಗೆ ಏನಾರ ಆಗತೈತೇನ್ರಿ? ಅಂವ ಊಟಾ ಬಿಟ್ಟಾನ. ನನಗೂ ನಿದ್ದಿ ಬರವಲ್ದು.

ಚೌಡಿ ಕಣ್ಣಿಗೆ ಈ ಪತ್ರ ಬೀಳೂದ ಬ್ಯಾಡ. ಓದಿ ಒಲಿಗೆ ಹಾಕ್ರಿ.

ಮಾಲತೇಶಪ್ಪ

*

ರಾಣೇಬೆನ್ನೂರು
ತಾ. 7-3-1994

ಮಾಲತೇಶಪ್ಪನವರಿಗೆ,

ಪತ್ರ ಮುಟ್ಟಿತು, ಒಲೆಗೂ ಮುಟ್ಟಿತು.

ಮೊದಲು ನಿಮ್ಮ ಗೆಳೆಯನಿಗೆ ನನ್ನ ಹೆಸರು ಹೇಳಿ ಎರಡು ಬಾರಿಸಿರಿ. ಆಮೇಲೆ ಹಾವೇರಿಗೆ ಕರೆದುಕೊಂಡು ಹೋಗಿ ಚರ್ಮದ ಡಾಕ್ಟರರಿಗೆ ತೋರಿಸಿರಿ. ಗುಳ್ಳೆ ಇದ್ದಾಗಲೇ ಹೋಗಿದ್ದರೆ ಅವರು ಕಣ್ಣಿಂದ ನೋಡಿಯೇ ಹೇಳುತ್ತಿದ್ದರು. ಮಾಯ್ದ ಮೇಲೆ ರಕ್ತ ನೋಡಬೇಕಾಗುತ್ತದೆ, ಮತ್ತು ರಕ್ತ ಯಾವಾಗಲೂ ಸರಿಯಾಗಿ ಬಾಯಿ ಬಿಡುವುದಿಲ್ಲ.

ಕೂಸಿಗೆ ಏನಾದರೂ ಆಗುತ್ತದೆಯೇ ಎಂದು ಕೇಳಿದಿರಿ. ಇಪ್ಪತ್ತೆರಡು ವರ್ಷದಿಂದ ಹೆರಿಗೆ ಕೋಣೆಯಲ್ಲಿದ್ದೇನೆ. ಬಸುರಿನ ಕೊನೆಯ ತಿಂಗಳುಗಳಲ್ಲಿ ತಾಯಿಗೆ ಈ ರೋಗ ಹೊಸದಾಗಿ ಹತ್ತಿ, ಹೆರಿಗೆಯ ಹೊತ್ತಿಗೆ ಗುಳ್ಳೆ ಇದ್ದರೆ ಕೂಸಿಗೂ ಹತ್ತಬಹುದು. ಅಂಥ ಒಂದು ಕೂಸನ್ನು ನೋಡಿದ್ದೇನೆ. ಹನ್ನೆರಡನೆಯ ದಿನಕ್ಕೆ ಹೋಯಿತು. ಅದರ ಅಪ್ಪ ಆಮೇಲೆ ಬಂದು "ನನಗ ಮೊದಲ ಗೊತ್ತಿತ್ರಿ ಬಾಯಾರ, ಹೇಳಾಕ ನಾಚಿಕಿ ಆತು" ಎಂದ. ಆ ಮುಖ ನನಗೆ ಇನ್ನೂ ಮರೆತಿಲ್ಲ. ಮುಂಚೆ ಗೊತ್ತಿದ್ದರೆ ಡಾಕ್ಟರರು ನೋಡಿ, ಗುಳ್ಳೆ ಇದ್ದರೆ ಹೊಟ್ಟೆ ಕೊಯ್ದು ಕೂಸನ್ನು ತೆಗೆಯುತ್ತಾರೆ. ಹೀಗಾಗಿ ಮಕ್ತುಮಸಾಬನಿಗೆ ಹೇಳಿರಿ: ಹೆಂಡತಿಯನ್ನು ಮುಟ್ಟಬಾರದು, ಮತ್ತು ಹೆಂಡತಿಗೆ ಹೇಳಬೇಕು. ಎರಡೂ.

ಚೌಡಿ ಆರಾಮ ಇದ್ದಾಳೆ. ಇಪ್ಪತ್ತನೆಯ ತಾರೀಖು ರವಿವಾರ ಕುಬಸ ಇಟ್ಟುಕೊಂಡಿದ್ದೇವೆ, ಬಸುರಿಗೆ ಉಡಿ ತುಂಬಬೇಕು. ಹಸಿರು ಸೀರೆ ನೀವೇ ತರಬೇಕು. ನಿಮ್ಮ ಪತ್ರ ಬಂದರೆ ಕೈಯಿಂದ ಕಸಿದುಕೊಂಡು ಓದಿ ನಗುತ್ತಿದ್ದವಳು ಈ ಸಲ ಏನು ಬರೆದಿದ್ದಾರೆ ಎಂದೂ ಕೇಳಲಿಲ್ಲ. ಮುನಿಸಿಕೊಂಡಿರಬೇಕು. ತಿಂಗಳಾಯಿತು, ಒಮ್ಮೆಯೂ ಬಂದಿಲ್ಲ ನೀವು.

ಗದಿಗೆವ್ವ

*

ಬ್ಯಾಡಗಿ
ತಾ. 14-3-1994

ಅಕ್ಕಾರ,

ಮಕ್ತುಮಸಾಬಗ ನಿಮ್ಮ ಹೆಸರ ಹೇಳಿ ಎರಡ ಅಲ್ಲ, ನಾಕ ಬಾರಿಸೇನಿ. ಕನ್ನಡಿ ಮುಂದ ನಿಲ್ಲಿಸಿ ಬಾರಿಸೇನಿ.

ಹಾವೇರಿಗೆ ಹೋಗಿ ಬಂದ್ವಿ. ಡಾಕ್ಟರ ಎಲ್ಲಾ ಕೇಳಿ ರಕ್ತ ಕೊಡು ಅಂದ್ರು. ರಕ್ತ ತಗೊಳ್ಳೂ ಇಸಾಕಸಾಬ ಭಾಳ ಮರ್ಯಾದಿ ಮನಷ್ಯಾ, ಏನೂ ಕೇಳಲಿಲ್ಲ. ಸೂಜಿ ನೋಡಿ ಕಣ್ಣ ಮುಚ್ಚಿದ್ರ "ಇಷ್ಟಕ್ಕ ಅಂಜತೀರಿ?" ಅಂದ. ಸೂಜಿಗೆ ಯಾರ ಅಂಜತಾರ್ರಿ. ಸೀಸಿ ಬೆಂಗಳೂರಿಗೆ ಹೋಗಿ ಬರಾಕ ಮೂರ ವಾರ ಬೇಕಂತ. ನನ್ನ ಜನ್ಮದಾಗ ನಾ ಬೆಂಗಳೂರ ನೋಡಿಲ್ಲ, ರಕ್ತ ಹೋತು ನೋಡ್ರಿ.

ಕುಬಸಕ್ಕ ಬರಾಕ ಆಗಂಗಿಲ್ರಿ. ಸುಗ್ಗಿ ಐತಿ, ಸೋಮವಾರ ಗುರುವಾರ ಕಾಯಿ ಚೀಲ ಬಂದು ಪ್ಯಾಟಿ ತುಂಬ ಕೆಂಪಾಗಿರತೈತಿ. ರವಿವಾರ ಆದ್ರೂ ಸಾವಕಾರ ಬಿಡಂಗಿಲ್ಲ. ಸೀರಿ, ಬಳಿ, ಅಡಿಗಿಗೆ ಅರ್ಧ ಚೀಲ ಕಾಯಿ ಕಳಸತೇನಿ. ಚೌಡಿಗೆ ಏನರೆ ಒಂದ ಹೇಳ್ರಿ. ನಿಮ್ಮ ಬಾಯಾಗ ಸುಳ್ಳೂ ಚಂದ ಕೇಳಸತೈತಿ.

ಮಾಲತೇಶಪ್ಪ

*

ರಾಣೇಬೆನ್ನೂರು
ತಾ. 21-3-1994

ಮಾಲತೇಶಪ್ಪ,

ಕುಬಸ ಆಯಿತು. ಸೀರೆ ಬಂತು, ಬಳೆ ಬಂದವು, ಮೆಣಸಿನಕಾಯಿ ಬಂತು. ಇವನ್ನೆಲ್ಲ ಹೊತ್ತು ತಂದವನು ಯಾರು ಗೊತ್ತೇ? ನೀನೇ ಕಳಿಸಿದ ಮಕ್ತುಮಸಾಬ.

ಊಟ ಬಿಟ್ಟವನು ನಾಲ್ಕು ಹೋಳಿಗೆ ತಿಂದ. ಕೈಗೆ ನೀರು ಹಾಕುವಾಗ ನಾನು ಮೆಲ್ಲಗೆ "ಹೆಂಡತಿ ಹೆಂಗದಾಳಪಾ, ಎಷ್ಟನೇ ತಿಂಗಳು?" ಎಂದು ಕೇಳಿದೆ. ಅವನು ಹೊಟ್ಟೆ ಹಿಡಿದು ನಕ್ಕ. "ಬಾಯಾರ, ನನ್ನ ಹೆಂಡತಿ ಅಜ್ಜಿ ಆಗಿ ಎರಡ ವರ್ಷ ಆತು. ಆಪರೇಸನ್ ಮಾಡಿಸಿ ಹದಿನೈದ ವರ್ಷ ಆತು" ಎಂದ. ಸಾಂಗ್ಲಿಗೆ ಅವನು ಹೋಗಿಯೇ ಇಲ್ಲ. ಹೋದವನು ಯಾರು ಎಂಬುದನ್ನೂ ಹೇಳಿದ. ಪಾಪ, ಅವನಿಗೇನು ಗೊತ್ತು.

ಹಿಂದೆಯೇ ಚೌಡಿ ನಿಂತಿದ್ದಳು, ಹಸಿರು ಸೀರೆಯಲ್ಲಿ. ಏನು ಕೇಳಿಸಿಕೊಂಡಳೋ ಗೊತ್ತಿಲ್ಲ. ಮಕ್ತುಮಸಾಬನಿಗೆ ಎಲೆಯಲ್ಲಿ ಇನ್ನೊಂದು ಹೋಳಿಗೆ ಕಟ್ಟಿಕೊಟ್ಟಳು.

ಇನ್ನು ಮೇಲೆ ನಿನಗೆ ನೀವು ಅನ್ನುವುದು ನನ್ನಿಂದ ಆಗುವುದಿಲ್ಲ. ಖರೆ ಬರೆ. ಎಂದು ಹೋಗಿದ್ದೆ, ಎಂದು ಗುಳ್ಳೆ ಎದ್ದವು, ನಡುವೆ ನನ್ನ ತಂಗಿಯ ಹತ್ತಿರ ಹೋಗಿದ್ದೆಯೋ ಇಲ್ಲವೋ. ನಗೆಚಾಟಿಕೆ ಬೇಡ.

ಗದಿಗೆವ್ವ

*

ಬ್ಯಾಡಗಿ
ತಾ. 24-3-1994

ಅಕ್ಕಾರ,

ನಾನರಿ.

ಜನವರಿ ಹದಿನೆಂಟಕ್ಕ ಸಾಂಗ್ಲಿ. ಇಪ್ಪತ್ತಕ್ಕ ಮನಿಗೆ ಬಂದೆ. ಬಂದ ದಿನ, ಮರುದಿನ, ಚೌಡಿ ಜೋಡಿ ಇದ್ದೆ. ಇಪ್ಪತ್ತನಾಲ್ಕಕ್ಕ ಗುಳ್ಳಿ ಎದ್ವು. ಎದ್ದ ಮ್ಯಾಲೆ ಆಕಿನ್ನ ಮುಟ್ಟಿಲ್ಲ, ಆಣಿ ಮಾಡತೇನಿ. ಆಕಿನೂ ಹೊಳ್ಳಿ ಮಲಗತಿದ್ಲು. ಬಸುರಿ, ದಣದಾಳ ಅನ್ಕೊಂಡೆ. ಆಮ್ಯಾಲೆ ಸೊಂಟನೋವು ಅಂತ ನಿಮ್ಮಲ್ಲಿ ಬಂದ್ಲು.

ಖಾರಾ ಅಂತ ಸುಳ್ಳ ಹೇಳಿಲ್ಲರಿ. ಮೊದಲ ಎರಡ ದಿನ ನಾನೂ ಖಾರಾ ಅಂತನ ತಿಳದಿದ್ದೆ. ಅಂಗಡ್ಯಾಗ ಎಲ್ಲಾರ ಮುಂದ ಕುಣದು ತೋರಿಸಿ ನಗಿಸಿದೆ. "ನಲವತ್ತಮೂರ ವರ್ಷದ ಮುದುಕಗ ಕೈ ತೊಳಕೊಳ್ಳೂದು ಗೊತ್ತಿಲ್ಲೇನು" ಅಂತ ಅಂದ್ರು. ಮೂರನೇ ದಿನ ಗೊತ್ತಾತು, ಇದು ಖಾರಾ ಅಲ್ಲ. ಆಗಿಂದ ಸುಳ್ಳರಿ.

ಆಕಿದು ಎರಡ ಸಲ ಹೋಗೇತಿ, ನಿಮಗ ಗೊತ್ತೈತಿ. ಎರಡನೇದಕ್ಕ ನೀವ ಬಂದಿದ್ರಿ. ಇದಕ್ಕ ನಾ ಕಾಗಿನೆಲಿಗೆ ನಡಕೊಂಡ ಹೋಗಿ ಹರಕಿ ಹೊತ್ತಾಂವ. ಹೊತ್ತು ಬಂದ ಮೂರ ತಿಂಗಳಿಗೆ ಸಾಂಗ್ಲಿಗೆ ಹ್ವಾದೆ. ಯಾಕ ಹ್ವಾದಿ ಅಂತ ನೀವು ಕೇಳತೀರಿ. ಎಲ್ಲಾರೂ ನಕ್ಕೋತ ಹೊಂಟಿದ್ರು, ನಾನೂ ನಕ್ಕೋತ ಹ್ವಾದೆ.

ರಕ್ತದ ಚೀಟಿ ಬರೂ ಮಟಾ ಆಕಿಗೆ ಹೇಳಬ್ಯಾಡ್ರಿ. ಇಲ್ಲ ಅಂತ ಬಂದ್ರ ಹೇಳೂದ ಬೇಕಾಗಂಗಿಲ್ಲಲ್ರಿ.

ಮಾಲತೇಶ

*

ಬ್ಯಾಡಗಿ
ತಾ. 8-4-1994

ಅಕ್ಕಾರ,

ಚೀಟಿ ಬಂತು. ಇಲ್ಲ ಅಂತನೂ ಇಲ್ಲ, ಐತಿ ಅಂತನೂ ಇಲ್ಲ.

ಇಸಾಕಸಾಬ ಚೀಟಿ ಮ್ಯಾಲೆ ಬಟ್ಟ ಇಟ್ಟು ಹೇಳಿದ. ಎರಡ ನಮೂನಿ ನೋಡ್ಯಾರಂತ. ಒಂದು ಹಳೇ ಗುರುತು. ಅದು ಐತಿ. ಅಂದ್ರ ಈ ಜಾತಿ ರೋಗ ಎಂದರೆ ಒಮ್ಮೆ ನನ್ನ ಮೈಯಾಗ ಹೊಕ್ಕೇತಿ. ಇನ್ನೊಂದು ಹೊಸಾ ಗುರುತು. ಅದಕ್ಕ ನಂಬರ ಅದಾವು. ಪಾಯಿಂಟ್ ಒಂಬತ್ತಕ್ಕ ಕಡಿಮಿ ಇದ್ರ ಇಲ್ಲ. ಒಂದೂ ಪಾಯಿಂಟ್ ಒಂದಕ್ಕ ಹೆಚ್ಚಿದ್ರ ಐತಿ. ನಂದು ಬರಾಬರಿ ಒಂದು. ಸಾಲ್ಯಾಗ ಮೂರನೇತ್ತಾ ಮಟಾ ಎಂದೂ ಒಂದನೇ ನಂಬರ ಬರಲಿಲ್ಲ, ಈಗ ಬಂತ್ರಿ.

"ಹಂಗಂದ್ರ ಏನೋ ಮಾರಾಯಾ?" ಅಂದೆ. "ಗೋಡಿ ಮ್ಯಾಲೆ ಕುಂತ ಬೆಕ್ಕು. ಯಾ ಕಡೆ ಜಿಗೀತೈತಿ ಹೇಳಾಕ ಬರಂಗಿಲ್ಲ" ಅಂದ.

ಡಾಕ್ಟರ ಕಡೆ ಓಡಿದೆ. ಅವರು ಅಂದ್ರು, ಈ ರೋಗದಾಗ ಎರಡ ಜಾತಿ ಅದಾವು, ತುಟಿದೊಂದು, ಕೆಳಗಿಂದೊಂದು, ಈ ಚೀಟಿ ಎರಡನೂ ಒಂದ ಹೆಸರಲೆ ಕರೀತೈತಿ. ಸಣ್ಣಾಂವ ಇದ್ದಾಗ ಜ್ವರ ಬಂದು ತುಟಿಗೆ ಗುಳ್ಳಿ ಎದ್ದಿದ್ರೂ ಹಳೇ ಗುರುತು ಇರತೈತಂತ. ಊರಾಗ ಅರ್ಧಕ್ಕ ಹೆಚ್ಚು ಮಂದಿಗೆ ಇರತೈತಂತ. "ಮತ್ತ ಸಾಂಗ್ಲಿದು?" ಅಂದೆ. "ರಕ್ತ ಊರ ಹೆಸರ ಬರದ ಕಳಸಂಗಿಲ್ಲಪಾ. ನಿನ್ನ ಗುಳ್ಳಿ ಕಥಿ ಕೇಳಿದ್ರ ಅದ ಇರಬೇಕು ಅನಸತೈತಿ" ಅಂದ್ರು. ಅನಸತೈತಿ!

ಒಂದ ಮಾತು. ಚೌಡಿಗೂ ಮೊದಲ ಹಳೇ ಗುರುತು ಇದ್ರ ಕೂಸಿಗೆ ಅಂಜಿಕಿ ಕಡಿಮಿ ಅಂದ್ರು. ನೀವು ಆಕಿ ರಕ್ತ ತಗೋತಿರಬೇಕಲ್ರಿ, ಸಕ್ಕರಿ, ರಕ್ತ ಕಡಿಮಿ ಹೆಚ್ಚು ಅಂತ. ಅದರಾಗ ಒಂದೀಟು ಸೀಸ್ಯಾಗ ತಗದು ಕೊಡ್ರಿ. ಇಸಾಕಸಾಬ ಕಳಸತಾನ. ಆಕಿಗೆ ಗೊತ್ತಾಗಂಗಿಲ್ಲ. ಕಾಲ ಮುಗೀತೇನಿ.

ಮಾಲತೇಶ

*

ರಾಣೇಬೆನ್ನೂರು
ತಾ. 12-4-1994

ಮಾಲತೇಶಪ್ಪ,

ಕದ್ದು ರಕ್ತ ತೆಗೆಯುವುದಿಲ್ಲ. ಯಾರದೂ ತೆಗೆಯುವುದಿಲ್ಲ, ತಂಗಿಯದಂತೂ ಇಲ್ಲ. ಇನ್ನೊಮ್ಮೆ ಕೇಳಬೇಡ.

ತೆಗೆದರೂ ಏನು ಬರುತ್ತದೆ? ಚೌಡಿಗೆ ಸಣ್ಣವಳಿದ್ದಾಗಿನಿಂದ ಜ್ವರ ಬಿಟ್ಟ ಮೇಲೆ ತುಟಿಯ ಅಂಚಿಗೆ ಗುಳ್ಳೆ ಏಳುತ್ತಿದ್ದವು. ನಮ್ಮ ತವರು ಗಳಗನಾಥದಲ್ಲಿ ಅವ್ವ ತುಪ್ಪ ಹಚ್ಚುತ್ತಿದ್ದಳು. ಹಾಗಾದರೆ ಅವಳ ಚೀಟಿಯಲ್ಲೂ ಹಳೆಯ ಗುರುತು ಇರಬಹುದು, ನಿನ್ನ ಹಳೆಯ ಗುರುತು ಅವಳಿಂದಲೇ ಬಂದದ್ದೂ ಇರಬಹುದು. ಅದರಿಂದ ಸಾಂಗ್ಲಿಯದು ಅಳಿಸಿಹೋಗುವುದಿಲ್ಲ. ತುಟಿಯದು ಇದ್ದರೆ ಕೆಳಗಿನದಕ್ಕೆ ಒಂದಿಷ್ಟು ತಡೆ, ಪೂರ್ತಿ ತಡೆಯಲ್ಲ. ಚೀಟಿ ಗೋಡೆಯ ಮೇಲೆಯೇ ಕೂತಿರುತ್ತದೆ. ಬೆಕ್ಕು ಇಳಿಯಲಿ ಎಂದು ನೀನು ಕಾಯುತ್ತೀ, ಕೂಸು ಕಾಯುವುದಿಲ್ಲ. ಇನ್ನು ಐದು ವಾರ.

ಹೆರಿಗೆ ಮಾಡುವ ಡಾಕ್ಟರಬಾಯಿಗೆ ಗೊತ್ತಿರಬೇಕು. ಅವರು ನೋಡಬೇಕಾದದ್ದು ಚೌಡಿಯ ಮೈಯನ್ನು. ಅದಕ್ಕೆ ಚೌಡಿಗೆ ಗೊತ್ತಿರಬೇಕು. ಇದು ನಿನ್ನ ಬಾಯಿಂದ ಬರಬೇಕಾದ ಮಾತು. ನನ್ನಿಂದ ಬಂದರೆ ಅವಳು ನಿನ್ನನ್ನಷ್ಟೇ ಅಲ್ಲ, ನನ್ನನ್ನೂ ಕಳೆದುಕೊಳ್ಳುತ್ತಾಳೆ. ಒಂದೇ ಮನೆಯಲ್ಲಿ ಉಂಡು ಒಂದು ತಿಂಗಳು ಮುಚ್ಚಿಟ್ಟಿದ್ದೇನಲ್ಲ.

ಇಪ್ಪತ್ತರ ತನಕ ನೋಡುತ್ತೇನೆ. ಆಮೇಲೆ ನಾನೇ ಡಾಕ್ಟರಬಾಯಿಗೆ ಹೇಳುತ್ತೇನೆ.

ಗದಿಗೆವ್ವ

*

ಬ್ಯಾಡಗಿ
ತಾ. 16-4-1994

ಅಕ್ಕಾರ, ಒಳಗಿನ ಚೀಟಿ ಚೌಡಿಗೆ ಕೊಡ್ರಿ. ನೀವು ಓದಿ ಹೇಳಬ್ಯಾಡ್ರಿ. ಆಕಿಗೆ ಓದಾಕ ಬರತೈತಿ, ನನಗಿಂತ ಎರಡ ವರ್ಷ ಹೆಚ್ಚಿಗಿ ಸಾಲಿ ಕಲ್ತಾಳ.

ಚೌಡವ್ವಗ,

ಸಾಂಗ್ಲಿಗೆ ಹೋದಾಗ ನಾ ಒಬ್ಬ ಹೆಂಗಸಿನ ಕಡೆ ಹೋಗಿದ್ದೆ. ಅಲ್ಲಿಂದ ಗುಳ್ಳಿ ತಂದೆ. ಖಾರಾ ಅಂತ ನಿನಗ ಹೇಳಿದ್ದು ಸುಳ್ಳು. ರಕ್ತ ಕೊಟ್ಟೇನಿ, ಹೌದೋ ಅಲ್ಲೋ ಪೂರಾ ಗೊತ್ತಾಗವಲ್ದು, ಆದ್ರ ಡಾಕ್ಟರ ಹೌದು ಇರಬೇಕು ಅಂತಾರ. ಗುಳ್ಳಿ ಏಳೂದಕ್ಕ ಮೊದಲ ನಿನ್ನ ಜೋಡಿ ಇದ್ದೆ. ನಿನಗ ಕೆಳಗ ಉರಿ, ಗುಳ್ಳಿ, ಏನರೆ ಆದ್ರ ಒಂದ ತಾಸೂ ತಡಾ ಮಾಡದಂಗ ಡಾಕ್ಟರಬಾಯಿಗೆ ತೋರಸು. ನನ್ನ ಮಾರಿ ನೋಡಬ್ಯಾಡ ಅಂದ್ರ ನೋಡಬ್ಯಾಡ. ತೋರಸೂದ ಮಾತ್ರ ತೋರಸು.

ಮಾಲತೇಶ

*

ಬ್ಯಾಡಗಿ
ತಾ. 4-5-1994

ಅಕ್ಕಾರ,

ಹದಿನೆಂಟ ದಿನಾ ಆತು. ಪೋಸ್ಟಮನ್ ನನ್ನ ನೋಡಿ ಬ್ಯಾರೆ ಓಣಿ ಹಿಡೀತಾನ. ಚೀಟಿ ಕೊಟ್ರ್ಯಾ? ಓದಿದ್ಲಾ? ಅತ್ಲಾ, ಬೈದ್ಲಾ, ಏನರೆ ಒಂದ ಅಕ್ಷರಾ ಬರೀರಿ.

ರವಿವಾರ ಬಸ್ ಹತ್ತಿ ಬಂದಿದ್ದೆ. ನಿಮ್ಮ ಮನಿ ಎದುರಿನ ಚಹಾದಂಗಡ್ಯಾಗ ಕುಂತಿದ್ದೆ. ಚೌಡಿ ಪಡಸಾಲಿ ಕಟ್ಟಿಗೆ ಅಕ್ಕಿ ಹಸನ ಮಾಡಾಕತ್ತಿದ್ಲು. ಹೊಟ್ಟಿ ಮ್ಯಾಲೆ ಕೇರೂ ಮರ ಇಟ್ಕೊಂಡಿದ್ಲು, ಇಡಾಕ ಬ್ಯಾರೆ ಜಾಗಾನ ಇಲ್ಲೇನೋ ಅನ್ನೂವಂಗ. ಒಮ್ಮೆ ತಲಿ ಎತ್ತಿದ್ಲು. ನಾ ತಲಿ ಬಗ್ಗಿಸಿದೆ. ಚಹಾ ಆರಿತ್ತು. ಹಂಗ ಎದ್ದು ಬಂದೆ.

ಮೊನ್ನೆ ಅಂಗಡ್ಯಾಗ ಒಬ್ಬ ಹೊಸಾ ಹಮಾಲ ಕೈ ತೊಳಕೊಳ್ಳದ ಹೋಗಿ ಬಂದು ಕುಣದಾ. ಎಲ್ಲಾರೂ ನಕ್ಕರು. ನನ್ನ ಕಡೆ ನೋಡಿದ್ರು, ಏನರೆ ಅಂತಾನ ಅಂತ. "ಮಜ್ಜಿಗಿ ಹಚ್ಚಪಾ" ಅಂದೆ, ಅಷ್ಟ. ಮಕ್ತುಮಸಾಬ ನನ್ನ ಹಣಿ ಮುಟ್ಟಿ ನೋಡಿದ, ಜ್ವರ ಬಂದಾವೇನು ಅಂತ. ಅವಗೂ ಎಲ್ಲಾ ಹೇಳಿದೆ. ಅವನ ಹೆಸರ ನಾ ಹೆಂಗ ಕೆಡಿಸಿದ್ದೆ ಅನ್ನೂದನ್ನೂ ಹೇಳಿದೆ. ಅವತ್ತ ದೂರ ಹೋಗಿ ಒಬ್ಬನ ಕುಂತು ಉಂಡ. ಮರುದಿನ ಡಬ್ಬ್ಯಾಗ ಎರಡ ಮಂದಿ ಬುತ್ತಿ ತಂದಿದ್ದ.

ಮಾಲತೇಶ

*

ರಾಣೇಬೆನ್ನೂರು
ತಾ. 19-5-1994

ಮಾಲತೇಶಪ್ಪ,

ಮೊನ್ನೆ ಹದಿನೇಳಕ್ಕೆ ಮುಂಜಾನೆ ಹತ್ತು ಗಂಟೆಗೆ ಹೆಣ್ಣು ಕೂಸು ಹುಟ್ಟಿತು. ತಾಯಿ ಆರಾಮ, ಕೂಸು ಆರಾಮ. ಇದನ್ನು ಮೊದಲು ಬರೆದೆ, ಉಳಿದದ್ದನ್ನು ಕೂತು ಓದು.

ನಿನ್ನ ಚೀಟಿಯನ್ನು ಬಂದ ದಿನವೇ ಕೊಟ್ಟೆ. ಓದಿದಳು, ಮಡಚಿದಳು, ಕುಬಸದಲ್ಲಿ ಬಂದ ರವಿಕೆ ಕಣದೊಳಗೆ ಇಟ್ಟುಕೊಂಡಳು. "ಉತ್ತರಾ ಬರೀಲೇನು?" ಎಂದರೆ "ಹಡದ ಮ್ಯಾಲೆ" ಎಂದಳು. ಅದಕ್ಕೇ ನಾನೂ ಬರೆಯಲಿಲ್ಲ.

ಮರುದಿನ ನಾನು ಡಾಕ್ಟರಬಾಯಿಯ ಕೋಣೆಗೆ ಹೋಗಿ ತಲೆ ತಗ್ಗಿಸಿ ಹೇಳತೊಡಗಿದೆ. ಅವರು ನಡುವೆಯೇ ತಡೆದರು. "ನಿಮ್ಮ ತಂಗಿ ಫೆಬ್ರುವರಿಯೊಳಗ ನನಗ ಹೇಳ್ಯಾಳ. ಅಕ್ಕಗ ಹೇಳಬ್ಯಾಡ್ರಿ ಅಂದಿದ್ಲು" ಎಂದರು. ಫೆಬ್ರುವರಿ, ಮಾಲತೇಶಪ್ಪ. ನಿನ್ನ ಮೊದಲ ಪತ್ರಕ್ಕಿಂತ ತಿಂಗಳು ಮೊದಲು. ಅಂದಿನಿಂದ ಪ್ರತಿ ಸಲ ಅವಳನ್ನು ಪರದೆಯ ಹಿಂದೆ ಕರೆದು ಅವರೇ ನೋಡುತ್ತಿದ್ದರಂತೆ. ಇಪ್ಪತ್ತೆರಡು ವರ್ಷದ ನರ್ಸು ನಾನು, ಸೊಂಟಕ್ಕೆ ಎಣ್ಣೆ ತಿಕ್ಕುತ್ತಿದ್ದೆ.

ಹೆರಿಗೆಯ ದಿನವೂ ನೋಡಿದರು. ಗುಳ್ಳೆ ಇರಲಿಲ್ಲ, ಕೊಯ್ಯಲಿಲ್ಲ. ಹಾಗೆಂದು ಎಲ್ಲ ಮುಗಿಯಿತು ಎಂದಲ್ಲ. ಆರು ವಾರ ಕೂಸಿನ ಮೈ ದಿನಾ ನೋಡಬೇಕು. ಜ್ವರ ಬಂದರೆ, ಗುಳ್ಳೆ ಎದ್ದರೆ, ಹಾಲು ಬಿಟ್ಟರೆ ಓಡಬೇಕು. ಅವಳಿಗೆ ಹತ್ತಿದೆಯೋ ಇಲ್ಲವೋ ಯಾವ ಚೀಟಿಯೂ ಈಗ ಹೇಳುವುದಿಲ್ಲ. ಅದರ ಜೊತೆ ಬಾಳುವುದನ್ನು ನೀವಿಬ್ಬರೂ ಕಲಿಯಬೇಕು.

ಇನ್ನು ಮುಂದಿನದು ಚೌಡಿ ಹೇಳಿದ್ದು. ಕೂಸಿಗೆ ಹಾಲು ಕುಡಿಸುತ್ತ ಹೇಳಿದಳು, ಒಂದಕ್ಷರವೂ ಬಿಡದೆ ಬರೆದಿದ್ದೇನೆ.

"ಒಂಬತ್ತ ವರ್ಷದಾಕಿ ಇದ್ದಾಗಿಂದ ಮೆಣಸಿನಕಾಯಿ ತೊಟ್ಟ ಮುರದಾಕಿ ನಾನು. ಕಣ್ಣಾಗ, ಮೂಗಿನ್ಯಾಗ, ಉಗರ ಸಂದ್ಯಾಗ, ಖಾರಾ ಎಲ್ಲೆಲ್ಲಿ ಹತ್ತತೈತಿ, ಎಷ್ಟೊತ್ತ ಇರತೈತಿ, ನನಗ ಹೇಳಿಕೊಡತೀ? ಸಂಜೀಕ ಹತ್ತಿದ್ದು ಮುಂಜಾನಿಗೆ ಇರಂಗಿಲ್ಲ. ಎಂಟ ದಿನ ಇರೂ ಖಾರಾ ಯಾರ ಹೊಲದಾಗ ಬೆಳೀತೈತಿ? ಮೂರನೇ ದಿನಕ್ಕ ತಿಳದಿತ್ತು. ನನ್ನ ಸೊಂಟ ಒಂದ ದಿನಾನೂ ನೋವಾಗಿಲ್ಲ. ಕೂಸಿನ್ನ ಉಳಿಸ್ಕೊಬೇಕಂತ ಅಕ್ಕನ ಮನಿಗೆ ಬಂದೆ.

"ಹೇಳತಾನೇನು ನೋಡೂನು ಅಂತ ಕಾದೆ. ಪತ್ರದ ಮ್ಯಾಲೆ ಪತ್ರ ಬಂದ್ವು, ಅಕ್ಕಗ ಬಂದ್ವು. ಮಕ್ತುಮಸಾಬನ ಹೆಸರ ಕೆಡಿಸಿದಿ, ಕುಬಸದ ದಿನ ಹಿಂದ ನಿಂತು ಕೇಳೇನಿ. ಕಡೀಕ ಒಂದು ನನ್ನ ಹೆಸರಲೆ ಬಂತು. ಅದರಾಗ ಒಂದೂ ನಗಿ ಇರಲಿಲ್ಲ. ಹನ್ನೊಂದ ವರ್ಷದಾಗ ನೀ ನನ್ನ ಜೋಡಿ ನಗಿ ಇಲ್ಲದ ಮಾತಾಡಿದ್ದು ಅದ ಮೊದಲು. ಅದಕ್ಕ ಹರದ ಒಗೀಲಿಲ್ಲ.

"ಚಹಾದಂಗಡ್ಯಾಗ ಕುಂತಿದ್ದಿ, ನೋಡೇನಿ.

"ಬಾ. ಕೂಸಿನ್ನ ನೋಡಾಕ ಬಾ. ನಗಸಾಕ ಬರಬ್ಯಾಡ."